ಚೆಕ್‌ಸಮ್ ತಾಳೆಯಾಗದಿದ್ದಾಗ: ಹಳೆಯ ರಿಯಾಕ್ಟ್ ಸರ್ವರ್ ರೆಂಡರಿಂಗ್‌ನಲ್ಲಿ ದೋಷ ಹುಡುಕೋದು ಹೇಗೆ

ಪುಟ ತಟ್ಟನೆ ಬರುತ್ತದೆ. ಅಕ್ಷರ, ಚಿತ್ರ ಎಲ್ಲ ಸರಿಯಾಗಿಯೇ ಇವೆ. ಆಮೇಲೆ ಜಾವಾಸ್ಕ್ರಿಪ್ಟ್ ಇಳಿದು ಮುಗಿಯುತ್ತಿದ್ದಂತೆ ಇಡೀ ಪುಟ ಒಮ್ಮೆ ಮಿಣುಕಿದ ಹಾಗಾಗುತ್ತದೆ. ಅಷ್ಟರಲ್ಲಿ ಯಾರಾದರೂ ಹುಡುಕಾಟದ ಪೆಟ್ಟಿಗೆಯಲ್ಲಿ ನಾಲ್ಕು ಅಕ್ಷರ ಟೈಪ್ ಮಾಡಿದ್ದರೆ ಅವು ಮಾಯ, ಕರ್ಸರೂ ಮಾಯ. ನಿಮ್ಮ ಕೈಗೆ ಬಂದ ಹಳೆಯ ಸೈಟು ಹೀಗೆ ಆಡುತ್ತಿದ್ದರೆ ಅದು ಒಂದೇ ಪುಟವನ್ನು ಎರಡು ಸಲ ಕಟ್ಟುತ್ತಿದೆ. ಸರ್ವರ್ ಪಟ್ಟ ಪಾಡನ್ನು ಬ್ರೌಸರ್ ಹಾಗೇ ಕಸಕ್ಕೆ ಹಾಕುತ್ತಿದೆ.

ಇಲ್ಲಿ ಬರೆದಿರುವುದು ಪುಟ ಕಟ್ಟುವ ಜಾವಾಸ್ಕ್ರಿಪ್ಟ್ ಲೈಬ್ರರಿಯಾದ ರಿಯಾಕ್ಟ್‌ನ 0.12ರಿಂದ 15ರವರೆಗಿನ ಆವೃತ್ತಿಗಳಿಗೆ. ಅಂದರೆ ಹೆಚ್ಚುಕಮ್ಮಿ 2014ರ ಕೊನೆಯಿಂದ 2017ರ ಒಳಗೆ ಕಟ್ಟಿದ ಸೈಟುಗಳಿಗೆ. ಒಂದೇ ಕೋಡನ್ನು ಸರ್ವರ್‌ನಲ್ಲೂ ಬ್ರೌಸರ್‌ನಲ್ಲೂ ಓಡಿಸುವ ಈ ರೀತಿಗೆ ಆಗ ಐಸೊಮಾರ್ಫಿಕ್ ಅನ್ನುತ್ತಿದ್ದರು. 2015ರ ಹೊತ್ತಿಗೆ ಯೂನಿವರ್ಸಲ್ ಅನ್ನುವ ಹೆಸರೂ ಸೇರಿಕೊಂಡಿತು. ಹೆಸರು ಯಾವುದಾದರೇನು, ಎಡವಟ್ಟುಗಳು ಅವೇ.

ಒಳಗೆ ನಡೆಯುವುದೇನು

ಇದನ್ನು ಬಿಟ್ಟು ಮುಂದಕ್ಕೆ ಹಾರಬೇಡಿ. ಪತ್ತೆದಾರಿಕೆಯ ಗುಟ್ಟೆಲ್ಲ ಇಲ್ಲೇ ಇದೆ.

ಸರ್ವರ್‌ನಲ್ಲಿ ರೆಂಡರ್‌ಟುಸ್ಟ್ರಿಂಗ್ ಓಡಿ ಎಚ್‌ಟಿಎಂಎಲ್ ಸ್ಟ್ರಿಂಗ್ ಒಂದನ್ನು ಕಟ್ಟುತ್ತದೆ. (0.12ಕ್ಕೆ ಮೊದಲು ಇದಕ್ಕೆ ರೆಂಡರ್‌ಕಾಂಪೊನೆಂಟ್‌ಟುಸ್ಟ್ರಿಂಗ್ ಅಂತ ಉದ್ದ ಹೆಸರಿತ್ತು. 2015ರ ಅಕ್ಟೋಬರ್‌ನಲ್ಲಿ 0.14 ಬಂದಾಗ ರಿಯಾಕ್ಟ್-ಡಾಮ್ ಎಂಬ ಬೇರೆ ಪ್ಯಾಕೇಜಿಗೆ ಹೋಯಿತು.) ಪ್ರತಿ ಟ್ಯಾಗಿಗೂ ಡೇಟಾ-ರಿಯಾಕ್ಟ್‌ಐಡಿ ಎಂಬ ಗುರುತು ಬೀಳುತ್ತದೆ. ಕೊನೆಗೆ ಇಡೀ ಸ್ಟ್ರಿಂಗ್‌ನ ಮೇಲೆ ಆಡ್ಲರ್-32 ಎಂಬ ಸೂತ್ರದಿಂದ ಲೆಕ್ಕ ಹಾಕಿ, ಬಂದ ಸಂಖ್ಯೆಯನ್ನು ಎಲ್ಲಕ್ಕಿಂತ ಹೊರಗಿನ ಟ್ಯಾಗಿನಲ್ಲಿ ಡೇಟಾ-ರಿಯಾಕ್ಟ್-ಚೆಕ್‌ಸಮ್ ಎಂದು ಬರೆದಿಡುತ್ತದೆ.

ಬ್ರೌಸರ್‌ನಲ್ಲಿ ರಿಯಾಕ್ಟ್ ಎದ್ದ ಕೂಡಲೇ ಅದೇ ಕಾಂಪೊನೆಂಟ್‌ಗಳಿಂದ (ಪುಟದ ಬಿಡಿಭಾಗಗಳ ಕೋಡ್) ತಾನೂ ಒಂದು ಸ್ಟ್ರಿಂಗ್ ಕಟ್ಟುತ್ತದೆ. ಅದರ ಸಂಖ್ಯೆ ಲೆಕ್ಕ ಹಾಕಿ, ಟ್ಯಾಗಿನಲ್ಲಿ ಬರೆದಿಟ್ಟ ಸಂಖ್ಯೆಯ ಜೊತೆ ತಾಳೆ ನೋಡುತ್ತದೆ. ಎರಡೂ ಒಂದೇ ಆದರೆ ಇರುವ ಎಚ್‌ಟಿಎಂಎಲ್ ಉಳಿಯುತ್ತದೆ, ಈವೆಂಟ್‌ಗಳು ಅದಕ್ಕೇ ಸೇರಿಕೊಳ್ಳುತ್ತವೆ. ಇಲ್ಲದಿದ್ದರೆ ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕುತ್ತದೆ.

ಒಂದು ವಿಷಯ ಗಮನಿಸಿದಿರಾ? ತನ್ನ ಕಣ್ಣೆದುರು ಇರುವ ಪುಟವನ್ನು ರಿಯಾಕ್ಟ್ ಓದಿ ನೋಡುವುದೇ ಇಲ್ಲ. ಟ್ಯಾಗಿನಲ್ಲಿ ಬರೆದ ಸಂಖ್ಯೆಯನ್ನಷ್ಟೇ ನಂಬುತ್ತದೆ. ಹಾಗಾಗಿ ದಾರಿಯಲ್ಲಿ ಯಾರೋ ಎಚ್‌ಟಿಎಂಎಲ್‌ನಲ್ಲಿ ಕೈಯಾಡಿಸಿದ್ದರೂ ಚೆಕ್‌ಸಮ್ ತಾಳೆಯಾಗಿಬಿಡುತ್ತದೆ. ಚೆಕ್‌ಸಮ್ ತಪ್ಪಿದರೆ ಎರಡು ರೆಂಡರ್‌ಗಳ ಫಲ ಬೇರೆ ಬೇರೆಯಾಗಿದೆ ಅಂತ. ಚೆಕ್‌ಸಮ್ ಸರಿಯಿದ್ದೂ ಕ್ಲಿಕ್ ಮಾಡಿದಾಗ ಪುಟ ಸತ್ತರೆ ನಡುವೆ ಯಾರೋ ಎಚ್‌ಟಿಎಂಎಲ್ ಬದಲಿಸಿದ್ದಾರೆ ಅಂತ. ಇವೆರಡನ್ನೂ ಒಂದೇ ಅಂದುಕೊಂಡು ನಾನು ಒಮ್ಮೆ ಮೂರು ದಿನ ಕಳೆದಿದ್ದೇನೆ. ಕಾಂಪೊನೆಂಟ್‌ನಲ್ಲಿ ಇಲ್ಲದ ದೋಷವನ್ನು ಕಾಂಪೊನೆಂಟ್‌ನಲ್ಲೇ ಹುಡುಕುತ್ತಾ ಕೂತಿದ್ದೆ.

ಮೊದಲು ಸಾಕ್ಷಿ ಹಿಡಿಯಿರಿ

ಬ್ರೌಸರ್‌ನ ಇನ್‌ಸ್ಪೆಕ್ಟರ್ ತೆರೆದು ನೋಡಿದರೆ ಪ್ರಯೋಜನವಿಲ್ಲ. ಅದು ತೋರಿಸುವುದು ಜಾವಾಸ್ಕ್ರಿಪ್ಟ್ ಓಡಿದ ಮೇಲಿನ ಸ್ಥಿತಿ. ಸರ್ವರ್ ನಿಜವಾಗಿ ಕಳಿಸಿದ್ದೇನು ಅಂತ ತಿಳಿಯಲು ವ್ಯೂ ಸೋರ್ಸ್ ನೋಡಿ, ಅಥವಾ ಕರ್ಲ್ ಎಂಬ ಕಮಾಂಡ್‌ನಿಂದ ಪುಟ ತರಿಸಿ ಫೈಲಿಗೆ ಹಾಕಿಕೊಳ್ಳಿ. ಅಲ್ಲಿ ಚೆಕ್‌ಸಮ್ ಇದೆಯಾ? ಇಲ್ಲವೆಂದರೆ ಯಾರೋ ರೆಂಡರ್‌ಟುಸ್ಟ್ರಿಂಗ್ ಬದಲು ರೆಂಡರ್‌ಟುಸ್ಟ್ಯಾಟಿಕ್‌ಮಾರ್ಕಪ್ ಕರೆದಿದ್ದಾರೆ. ಅದು ಐಡಿಯನ್ನೂ ಹಾಕುವುದಿಲ್ಲ, ಚೆಕ್‌ಸಮ್ಮನ್ನೂ ಹಾಕುವುದಿಲ್ಲ. ಮೇಲ್ ಬರೆಯಲು ಚೆನ್ನ, ಇಲ್ಲಿಗಲ್ಲ. ಬದಲಿಸಿ, ಕೆಲಸ ಮುಗಿಯಿತು.

ಎರಡನೆಯದಾಗಿ, ಕನ್ಸೋಲ್ ಎಚ್ಚರಿಕೆಗಳು ಡೆವಲಪ್‌ಮೆಂಟ್ ಬಿಲ್ಡ್‌ನಲ್ಲಿ ಮಾತ್ರ ಕಾಣುತ್ತವೆ. ಪ್ರೊಡಕ್ಷನ್ ಬಿಲ್ಡ್ ತುಟಿ ಪಿಟಿಕ್ಕೆನ್ನದೆ ಪುಟ ಅಳಿಸಿ ಮತ್ತೆ ಕಟ್ಟುತ್ತದೆ. ಎಷ್ಟೋ ಸೈಟುಗಳಲ್ಲಿ ಈ ದೋಷ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಇರುವುದು ಇದಕ್ಕೇ. ಡೆವಲಪ್‌ಮೆಂಟ್ ಬಿಲ್ಡ್ ಹಾಕಿ, ಸರ್ವರ್ ಮೂಲಕವೇ ಪುಟ ತೆರೆದು ಕನ್ಸೋಲ್ ಓದಿ.

ಮಾರ್ಕಪ್ ಮರುಬಳಸಲು ಹೋದೆ, ಚೆಕ್‌ಸಮ್ ಇನ್‌ವ್ಯಾಲಿಡ್ ಅಂತ ಬಂದರೆ ಮುಂದಿನ ಭಾಗ ನಿಮಗೆ. ಫೈಂಡ್‌ಕಾಂಪೊನೆಂಟ್‌ರೂಟ್ ಎಲಿಮೆಂಟ್ ಸಿಗಲಿಲ್ಲ ಅಂತಲೋ, ಇಂಥ ಐಡಿಯ ಎಲಿಮೆಂಟ್ ಇಲ್ಲ ಅಂತಲೋ ಬಂದರೆ ಅದರ ಮುಂದಿನದು. ಕಂಟೇನರ್‌ನಲ್ಲಿ ಸಂಬಂಧವಿಲ್ಲದ ಬೇರೆ ನೋಡ್‌ಗಳಿವೆ ಅಂದರೆ ಟೆಂಪ್ಲೇಟ್ ಫೈಲ್ ತೆರೆಯಿರಿ. ಡಿವ್ ತೆರೆದ ಮೇಲೆ ಎಂಟರ್ ಒತ್ತಿ, ಹೊಸ ಸಾಲಿನಲ್ಲಿ ಸ್ಟ್ರಿಂಗ್ ಸುರಿದಿರುತ್ತಾರೆ. ನೋಡಲು ಅಂದ, ಆದರೆ ಆ ಖಾಲಿ ಜಾಗವೂ ಒಂದು ಟೆಕ್ಸ್ಟ್ ನೋಡ್. ಡಿವ್, ಸ್ಟ್ರಿಂಗ್, ಮುಚ್ಚುವ ಡಿವ್, ಮೂರನ್ನೂ ನಡುವೆ ಜಾಗ ಬಿಡದೆ ಒಂದಕ್ಕೊಂದು ಅಂಟಿಸಿ.

ಚೆಕ್‌ಸಮ್ ತಪ್ಪಿದರೆ

ಎಚ್ಚರಿಕೆಯ ಕೊನೆಯಲ್ಲಿ ಕ್ಲೈಂಟ್ ಮತ್ತು ಸರ್ವರ್ ಅಂತ ಎರಡು ತುಣುಕು ಇರುತ್ತವೆ. ವ್ಯತ್ಯಾಸ ಶುರುವಾಗುವ ಜಾಗದಿಂದ ಹಿಂದೆ 20, ಮುಂದೆ 20 ಅಕ್ಷರ. ಬಹಳ ಜನ ಅದನ್ನು ಕಸ ಅಂದುಕೊಂಡು ಬಿಡುತ್ತಾರೆ. ಆದರೆ ಅರ್ಧ ಉತ್ತರ ಅಲ್ಲೇ ಇರುತ್ತದೆ. ಆ ಅಕ್ಷರಗಳನ್ನು ಕರ್ಲ್‌ನಿಂದ ತಂದ ಫೈಲಿನಲ್ಲಿ ಹುಡುಕಿ, ಯಾವ ಕಾಂಪೊನೆಂಟ್ ಅಂತ ಗುರುತಿಸಿ. ಒಂದು ಮಾತು: ಅದು ತೋರಿಸುವುದು ಮೊದಲ ವ್ಯತ್ಯಾಸ ಮಾತ್ರ. ಒಂದನ್ನು ಸರಿಮಾಡಿದರೆ ಹಿಂದೆಯೇ ಇನ್ನೊಂದು ಬರುತ್ತದೆ. ಬೇಸರ ಮಾಡಿಕೊಳ್ಳಬೇಡಿ.

ತುಣುಕು ನೋಡಿಯೂ ಗೊತ್ತಾಗದಿದ್ದರೆ ಒಂದು ಸಣ್ಣ ಪರೀಕ್ಷೆ ಮಾಡಿ. ನೋಡ್ (ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್.ಜೆಎಸ್) ಸರ್ವರ್ ನಿಲ್ಲಿಸಿ ಮತ್ತೆ ಶುರುಮಾಡಿ. ಪುಟವನ್ನು ಮೊದಲ ಸಲ ತೆರೆಯಿರಿ, ಕನ್ಸೋಲ್ ನೋಡಿ. ಆಮೇಲೆ ರಿಫ್ರೆಶ್ ಮಾಡಿ ಮತ್ತೆ ನೋಡಿ.

ಮೊದಲ ಸಲ ಸರಿ, ಎರಡನೇ ಸಲದಿಂದ ತಪ್ಪು ಅಂತಾದರೆ ಎಲ್ಲೋ ಒಂದು ಎಣಿಕೆ ನಡೆಯುತ್ತಿದೆ. ಫಾರ್ಮ್ ಲೇಬಲ್‌ಗೆ ಐಡಿ ಬೇಕು ಅಂತ ಲೋಡ್ಯಾಶ್ ಲೈಬ್ರರಿಯ ಯೂನಿಕ್‌ಐಡಿ ಬಳಸಿರುತ್ತಾರೆ. ಬ್ರೌಸರ್‌ನಲ್ಲಿ ಪುಟ ತೆರೆದಾಗೆಲ್ಲ ಅದು 1ರಿಂದ ಶುರು. ಸರ್ವರ್‌ನಲ್ಲಿ ಹಾಗಲ್ಲ, ಪ್ರೋಸೆಸ್ ಬದುಕಿರುವಷ್ಟು ಕಾಲ ಏರುತ್ತಲೇ ಹೋಗುತ್ತದೆ. ಅಲ್ಲಿ 4817, ಇಲ್ಲಿ 1. ಬರೆದವರ ಲ್ಯಾಪ್‌ಟಾಪ್‌ನಲ್ಲಿ ಪ್ರತಿ ಸಲ ಫೈಲ್ ಉಳಿಸಿದಾಗ ಸರ್ವರ್ ತಾನೇ ಮತ್ತೆ ಶುರುವಾಗುತ್ತಿರುತ್ತದೆ, ಹಾಗಾಗಿ ಅವರಿಗೆ ಇದು ಕಾಣುವುದೇ ಇಲ್ಲ. ನನಗೆ ಗೊತ್ತಿರುವ ಅತಿ ಕಿಲಾಡಿ ದೋಷ ಇದೇ. ಐಡಿಯನ್ನು ಎಣಿಸಿ ಕೊಡಬೇಡಿ, ಪ್ರಾಪ್ ಆಗಿ (ಕಾಂಪೊನೆಂಟ್‌ಗೆ ಹೊರಗಿನಿಂದ ಕೊಡುವ ಮೌಲ್ಯ) ಮೇಲಿನಿಂದ ಕಳಿಸಿ ಅಥವಾ ಫೀಲ್ಡಿನ ಹೆಸರಿನಿಂದಲೇ ಕಟ್ಟಿ.

ಮೊದಲ ಸಲವೇ ತಪ್ಪಿದರೆ ಕರ್ಲ್‌ನಿಂದ ಒಂದೇ ಪುಟವನ್ನು ಎರಡು ಸಲ ತರಿಸಿ ಡಿಫ್ (ಎರಡರ ವ್ಯತ್ಯಾಸ) ನೋಡಿ. ಇಲ್ಲೊಂದು ಬಲೆ ಇದೆ. 0.14 ಮತ್ತು ಅದಕ್ಕೂ ಹಿಂದಿನ ರಿಯಾಕ್ಟ್ ಸರ್ವರ್‌ನಲ್ಲಿ ರೂಟ್ ಐಡಿಗೆ (ಎಲ್ಲಕ್ಕಿಂತ ಹೊರಗಿನ ಟ್ಯಾಗಿನ ಗುರುತು) ಪ್ರತಿ ಸಲವೂ ಬೇರೆ ರ‍್ಯಾಂಡಮ್ ಸಂಖ್ಯೆ ಹಾಕುತ್ತಿತ್ತು. ಆದ್ದರಿಂದ ಐಡಿಗಳೂ ಚೆಕ್‌ಸಮ್ಮೂ ಪ್ರತಿ ಸಲ ಬದಲಾಗುತ್ತವೆ, ಅದು ದೋಷವಲ್ಲ. ಬ್ರೌಸರ್ ಆ ರೂಟ್ ಐಡಿಯನ್ನೇ ಎತ್ತಿಕೊಂಡು ಲೆಕ್ಕ ಹಾಕುತ್ತದೆ. ಹಾಗಾಗಿ ಡಿಫ್‌ಗೆ ಮುಂಚೆ ಆ ಎರಡು ಆಟ್ರಿಬ್ಯೂಟ್‌ಗಳನ್ನು ಕಿತ್ತುಹಾಕಿ. ರಿಯಾಕ್ಟ್ 15ರಲ್ಲಿ ಐಡಿಗಳು 1, 2, 3 ಅಂತ ಸಾಲಾಗಿ ಬರುತ್ತವೆ, ಅಲ್ಲಿ ಈ ತಲೆನೋವಿಲ್ಲ. ಇಷ್ಟಾದ ಮೇಲೂ ಎರಡು ಪ್ರತಿಗಳಲ್ಲಿ ವ್ಯತ್ಯಾಸ ಇದ್ದರೆ ರೆಂಡರ್ ಒಳಗೆ ಮ್ಯಾತ್.ರ‍್ಯಾಂಡಮ್ ಇಲ್ಲವೇ ಡೇಟ್.ನೌ ಕೂತಿದೆ. "5 ಸೆಕೆಂಡ್ ಹಿಂದೆ" ಅಂತ ತೋರಿಸುವ ಪುಟ್ಟ ಕಾಂಪೊನೆಂಟ್ ಸಾಕು, ಇಡೀ ಪುಟ ಬೀಳಿಸಲು. ಈಗಿನ ಸಮಯವನ್ನು ಸರ್ವರ್‌ನಲ್ಲಿ ಒಮ್ಮೆ ಹಿಡಿದು ಸ್ಟೇಟ್‌ನಲ್ಲಿ (ಪುಟ ಕಟ್ಟಲು ಬೇಕಾದ ದತ್ತಾಂಶ) ಹಾಕಿ ಬ್ರೌಸರ್‌ಗೆ ಕಳಿಸಿ. ಮೊದಲ ರೆಂಡರ್ ಅದನ್ನೇ ಬಳಸಲಿ.

ಎರಡು ಪ್ರತಿಗಳೂ ಒಂದೇ ಥರ ಇದ್ದು ಬ್ರೌಸರ್ ಮಾತ್ರ ಒಪ್ಪುತ್ತಿಲ್ಲ ಅಂದರೆ ಪರಿಸರದ ವ್ಯತ್ಯಾಸ. ಮೊದಲ ಅನುಮಾನ ದಿನಾಂಕದ ಮೇಲಿರಲಿ. ಸರ್ವರ್‌ಗಳು ಸಾಮಾನ್ಯವಾಗಿ ಯುಟಿಸಿ ಸಮಯದಲ್ಲಿ ಓಡುತ್ತವೆ. ಓದುಗರ ಬ್ರೌಸರ್ ಅವರವರ ಊರಿನ ಸಮಯದಲ್ಲಿರುತ್ತದೆ. ಟಿಝಡ್ ವೇರಿಯಬಲ್ ಬದಲಿಸಿ ನೋಡ್ ಓಡಿಸಿ, ತುಣುಕು ಬದಲಾದರೆ ಕಳ್ಳ ಸಿಕ್ಕಿದ. ತಿಂಗಳ ಹೆಸರು ಸರ್ವರ್‌ನಲ್ಲಿ ಇಂಗ್ಲಿಷಿನಲ್ಲಿ, ಬ್ರೌಸರ್‌ನಲ್ಲಿ ಬೇರೆ ಭಾಷೆಯಲ್ಲಿ ಬರುತ್ತಿದ್ದರೆ ಅದು ಐಸಿಯು (ಬೇರೆ ಬೇರೆ ಭಾಷೆಗಳ ದಿನಾಂಕ, ಸಂಖ್ಯೆಗಳ ರೂಪ) ದತ್ತಾಂಶದ ಕೊರತೆ. ನೋಡ್ 13, ಅಂದರೆ 2019ರವರೆಗೆ, ನೋಡ್ ಜೊತೆ ಎಲ್ಲ ಭಾಷೆಗಳ ದತ್ತಾಂಶ ಬರುತ್ತಿರಲಿಲ್ಲ. ಫುಲ್-ಐಸಿಯು ಪ್ಯಾಕೇಜ್ ಸೇರಿಸಿ, ಇಲ್ಲವೇ ಸಂಖ್ಯೆ ಮತ್ತು ದಿನಾಂಕವನ್ನು ನೀವೇ ಬರೆದ ಫಂಕ್ಷನ್‌ನಿಂದ ಕಟ್ಟಿ.

ಆಮೇಲೆ ಸ್ಟೇಟ್ ಸಾಗಿಸುವ ರೀತಿ ನೋಡಿ. ಸರ್ವರ್ ತನ್ನ ಸ್ಟೇಟ್ ಅನ್ನು ಜೇಸನ್ ಮಾಡಿ ಸ್ಕ್ರಿಪ್ಟ್ ಟ್ಯಾಗಿನಲ್ಲಿ ಇಡುತ್ತದೆ, ಬ್ರೌಸರ್ ಎತ್ತಿಕೊಳ್ಳುತ್ತದೆ. ಈ ಪಯಣದಲ್ಲಿ ಡೇಟ್ ಆಬ್ಜೆಕ್ಟ್ ಹೋಗಿ ಬರೀ ಸ್ಟ್ರಿಂಗ್ ಆಗುತ್ತದೆ. ಅನ್‌ಡಿಫೈನ್ಡ್ ಇದ್ದ ಕೀಲಿ ಮಾಯವಾಗುತ್ತದೆ. ನ್ಯಾನ್ ಇದ್ದದ್ದು ನಲ್ ಆಗುತ್ತದೆ. ಸರ್ವರ್ ಮೂಲ ಆಬ್ಜೆಕ್ಟ್‌ನಿಂದ ರೆಂಡರ್ ಮಾಡಿದೆ, ಬ್ರೌಸರ್ ಸವೆದ ಆಬ್ಜೆಕ್ಟ್‌ನಿಂದ. ತಾಳೆಯಾಗುವುದಾದರೂ ಹೇಗೆ? ಸರ್ವರ್‌ನಲ್ಲೇ ಒಮ್ಮೆ ಜೇಸನ್‌ಗೆ ಹಾಕಿ ವಾಪಸ್ ತೆಗೆದು, ಆ ಪ್ರತಿಯಿಂದ ರೆಂಡರ್ ಮಾಡಿ. ಚೂರು ಸಮಯ ಜಾಸ್ತಿ ಹಿಡಿಯುತ್ತದೆ, ಆದರೆ ಎರಡೂ ಕಡೆ ಒಂದೇ ಸರಕು. ಇಲ್ಲೇ ಇನ್ನೊಂದು ಮಾತು. ಆ ಜೇಸನ್ ಒಳಗೆ ಯಾರೋ ಬರೆದ ಕಾಮೆಂಟಿನಲ್ಲಿ ಮುಚ್ಚುವ ಸ್ಕ್ರಿಪ್ಟ್ ಟ್ಯಾಗ್ ಇದ್ದರೆ ನಿಮ್ಮ ಸ್ಕ್ರಿಪ್ಟ್ ಅಲ್ಲಿಗೇ ಮುಗಿದು, ಉಳಿದದ್ದು ಪುಟದ ಮೇಲೆ ಚೆಲ್ಲುತ್ತದೆ. ಅದು ದೋಷವಷ್ಟೇ ಅಲ್ಲ, ಹೊರಗಿನವರಿಗೆ ತೆರೆದಿಟ್ಟ ಬಾಗಿಲು. ಯಾಹೂ ಹೊರತಂದ ಸೀರಿಯಲೈಜ್-ಜಾವಾಸ್ಕ್ರಿಪ್ಟ್ ಇದನ್ನು ನೋಡಿಕೊಳ್ಳುತ್ತದೆ. ಹಳೆಯ ಬ್ರೌಸರ್‌ಗಳಲ್ಲಿ ಸ್ಕ್ರಿಪ್ಟ್ ಒಡೆಯುವ ಯು+2028, ಯು+2029 ಅಕ್ಷರಗಳನ್ನೂ ಅದು ಸಂಭಾಳಿಸುತ್ತದೆ.

ರೆಂಡರ್ ಒಳಗೆ ವಿಂಡೋ ಇದೆಯಾ ಅಂತ ಕೇಳಿ ಬೇರೆ ಬೇರೆ ಟ್ಯಾಗ್ ಕೊಡುವ ಅಭ್ಯಾಸ ಎಲ್ಲ ಹಳೆಯ ಕೋಡ್‌ಗಳಲ್ಲೂ ಇರುತ್ತದೆ. ಸರ್ವರ್‌ಗೆ ಒಂದು, ಬ್ರೌಸರ್‌ಗೆ ಇನ್ನೊಂದು ಅಂತ ನೀವೇ ಬರೆದಿಟ್ಟ ಮೇಲೆ ತಾಳೆ ಎಲ್ಲಿಂದ ಬಂತು? ಪರದೆಯ ಅಗಲ ನೋಡಿ ಮೊಬೈಲ್ ಮೆನು ತೋರಿಸುವುದೂ ಇದೇ ಜಾತಿ. ಮೊದಲ ರೆಂಡರ್ ಎರಡೂ ಕಡೆ ಒಂದೇ ಇರಲಿ. ಕಾಂಪೊನೆಂಟ್‌ಡಿಡ್‌ಮೌಂಟ್ ಬ್ರೌಸರ್‌ನಲ್ಲಿ ಮಾತ್ರ ಓಡುತ್ತದೆ, ಅಲ್ಲಿ ಸ್ಟೇಟ್ ಬದಲಿಸಿ ಎರಡನೇ ಸಲ ರೆಂಡರ್ ಆಗಲಿ.

ಉಳಿದವು ಬೇಗ ಮುಗಿಯುತ್ತವೆ. ಸರ್ವರ್‌ನಲ್ಲಿ ಒಂದು ರಿಯಾಕ್ಟ್ ಆವೃತ್ತಿ, ಬ್ರೌಸರ್‌ಗೆ ಹೋಗುವ ಕೋಡಿನ ಕಟ್ಟಾದ ಬಂಡಲ್‌ನಲ್ಲಿ ಇನ್ನೊಂದು ಇದ್ದರೆ ಐಡಿ ಬರೆಯುವ ಕ್ರಮವೇ ಬೇರೆಯಾಗಬಹುದು. ಎರಡೂ ಕಡೆ ಆವೃತ್ತಿ ಮುದ್ರಿಸಿ ನೋಡಿ. ಹೊಸ ಕೋಡ್ ಹಾಕಿದ ಒಂದೆರಡು ಗಂಟೆ ಮಾತ್ರ ದೋಷ ಕಂಡು ಆಮೇಲೆ ಮಾಯವಾದರೆ, ಓದುಗರ ಹತ್ತಿರ ಹಳೆಯ ಬಂಡಲ್ ಕ್ಯಾಶ್‌ನಲ್ಲಿದೆ. ಫೈಲ್ ಹೆಸರಿನಲ್ಲಿ ಹ್ಯಾಶ್ ಹಾಕಿ. ಕ್ಲಾಸ್ ಹೆಸರಿನ ಬಾಲದಲ್ಲಿ ವ್ಯತ್ಯಾಸ ಇದ್ದರೆ ಸಿಎಸ್‌ಎಸ್ ಮಾಡ್ಯೂಲ್‌ನ ಹೆಸರಿಡುವ ಸೂತ್ರ ಎರಡು ಕಡೆ ಬೇರೆಯಿದೆ. ಇನ್‌ಲೈನ್ ಸ್ಟೈಲ್‌ನಲ್ಲಿ ವೆಬ್‌ಕಿಟ್ ಪ್ರಿಫಿಕ್ಸ್ ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ, ರೇಡಿಯಂ ಥರದ ಲೈಬ್ರರಿಗೆ ರಿಕ್ವೆಸ್ಟ್‌ನ ಯೂಸರ್ ಏಜೆಂಟ್ ಕೊಟ್ಟಿಲ್ಲ.

ಯಾವ ವಿಳಾಸಕ್ಕೆ ಯಾವ ಪುಟ ಅಂತ ನೋಡುವ ರೌಟರ್ ವಿಷಯ ಮಾತ್ರ ತುಸು ಬೇರೆ. ತುಣುಕಿನಲ್ಲಿ ಕ್ಲೈಂಟ್ ಕಡೆ ಬರೀ ಒಂದು ಖಾಲಿ ಟ್ಯಾಗ್ ಅಥವಾ ಖಾಲಿ ಕಾಮೆಂಟ್ ಕಂಡರೆ, ಕೋಡನ್ನು ತುಂಡು ತುಂಡಾಗಿ ತರಿಸುವ ವಿಳಾಸಗಳು (ರೌಟ್‌ಗಳು) ಅಲ್ಲಿವೆ. ಸರ್ವರ್‌ನಲ್ಲಿ ಕೋಡ್ ಕೈಯಲ್ಲೇ ಇರುತ್ತದೆ. ಬ್ರೌಸರ್ ಆ ತುಂಡು ಇಳಿಯುವ ಮೊದಲೇ ರೆಂಡರ್ ಮಾಡಿಬಿಡುತ್ತದೆ. ರಿಯಾಕ್ಟ್ ರೌಟರ್‌ನ ಹಳೆಯ ಆವೃತ್ತಿಗಳಲ್ಲಿ ಬ್ರೌಸರ್ ಕಡೆಯೂ ಮೊದಲು ಮ್ಯಾಚ್ ಕರೆದು, ಅದು ಮುಗಿದ ಮೇಲೆ ರೆಂಡರ್ ಮಾಡಬೇಕು.

ಚೆಕ್‌ಸಮ್ ಸರಿ, ಆದರೆ ಕ್ಲಿಕ್ ಮಾಡಿದರೆ ಸಾಯುತ್ತದೆ

ಈ ದೋಷ ತಡವಾಗಿ ಬಾಯಿಬಿಡುತ್ತದೆ. ಏಕೆಂದರೆ ರಿಯಾಕ್ಟ್ ಯಾವುದಾದರೂ ಎಲಿಮೆಂಟ್ ಬೇಕಾದಾಗಷ್ಟೇ ಅದನ್ನು ಐಡಿ ಹಿಡಿದು ಹುಡುಕಲು ಹೋಗುತ್ತದೆ. ಪುಟ ಬಂದಾಗ ಎಲ್ಲ ಶಾಂತ. ಮೊದಲ ಬದಲಾವಣೆ ಆದಾಗ ಕನ್ಸೋಲ್ ಕೆಂಪಾಗುತ್ತದೆ.

ಕೈಯಾಡಿಸುವವರಲ್ಲಿ ಮೊದಲಿಗ ಬ್ರೌಸರ್ ತಾನೇ. ಟೇಬಲ್ ಒಳಗೆ ನೇರ ಟಿಆರ್ ಬರೆದರೆ ಅದು ನಡುವೆ ಟಿಬಾಡಿ ಸೇರಿಸುತ್ತದೆ. ಪಿ ಟ್ಯಾಗಿನ ಒಳಗೆ ಡಿವ್ ಇಟ್ಟರೆ ಪಿ ಟ್ಯಾಗನ್ನು ಅಲ್ಲೇ ಮುಚ್ಚಿ ಡಿವ್ ಅನ್ನು ಹೊರಗೆ ತಳ್ಳುತ್ತದೆ. ಲಿಂಕಿನೊಳಗೆ ಲಿಂಕ್ ಇಟ್ಟರೂ ಅದೇ ಗತಿ. ಬ್ರೌಸರ್‌ನಲ್ಲೇ ಹುಟ್ಟಿದ ಪುಟದಲ್ಲಿ ಎಷ್ಟೋ ಸಲ ಇದು ನಡೆದುಹೋಗುತ್ತದೆ, ಸರ್ವರ್‌ನಿಂದ ಎಚ್‌ಟಿಎಂಎಲ್ ಆಗಿ ಬಂದಾಗ ಮಾತ್ರ ಕೈಕೊಡುತ್ತದೆ. ಬರಹದ ಸಂಪಾದಕದಿಂದ ಬಂದ ಎಚ್‌ಟಿಎಂಎಲ್ ಅನ್ನು ಪಿ ಟ್ಯಾಗಿನೊಳಗೆ ಸುರಿಯುವ ಕಾಂಪೊನೆಂಟ್ ಇದೆಯಾ ಅಂತ ಮೊದಲು ನೋಡಿ. ನಾನು ಕಂಡ ಪ್ರಕರಣಗಳಲ್ಲಿ ಅರ್ಧಕ್ಕರ್ಧ ಅದೇ.

ಇನ್ನೊಬ್ಬ ಎಚ್‌ಟಿಎಂಎಲ್ ಅನ್ನು ಕುಗ್ಗಿಸುವ ಮಿನಿಫೈಯರ್. ಅದು ಸರ್ವರ್‌ನ ಮಿಡಲ್‌ವೇರ್ ಆಗಿರಬಹುದು, ದಾರಿಯಲ್ಲಿರುವ ಪ್ರಾಕ್ಸಿಯೋ ಸಿಡಿಎನ್ನೋ ಆಗಿರಬಹುದು. ರಿಯಾಕ್ಟ್ 15ಕ್ಕೆ ಏರಿದ ದಿನವೇ ಪುಟ ಮುರಿದರೆ ಇದೇ ಅಂತ ಬಹುಮಟ್ಟಿಗೆ ಖಚಿತ. 0.14ರವರೆಗೆ ಅಕ್ಕಪಕ್ಕದ ಅಕ್ಷರಗಳಿಗೆ ಸ್ಪ್ಯಾನ್ ಸುತ್ತುತ್ತಿದ್ದ ರಿಯಾಕ್ಟ್, 15ರಿಂದ ಎಚ್‌ಟಿಎಂಎಲ್ ಕಾಮೆಂಟ್‌ಗಳನ್ನು ಗಡಿಕಲ್ಲಿನಂತೆ ನೆಡತೊಡಗಿತು. ಮಿನಿಫೈಯರ್ ಕಣ್ಣಿಗೆ ಕಾಮೆಂಟ್ ಅಂದರೆ ಕಸ. ಗುಡಿಸಿ ಎಸೆಯುತ್ತದೆ. ಪರೀಕ್ಷೆ ಸುಲಭ: ರೆಂಡರ್‌ಟುಸ್ಟ್ರಿಂಗ್ ಕೊಟ್ಟದ್ದನ್ನು ಸರ್ವರ್‌ನಲ್ಲೇ ಫೈಲಿಗೆ ಬರೆಯಿರಿ, ಹೊರಗಿನಿಂದ ಕರ್ಲ್‌ನಲ್ಲಿ ಬಂದದ್ದರ ಜೊತೆ ಹೋಲಿಸಿ. ಒಂದು ಅಕ್ಷರ ವ್ಯತ್ಯಾಸ ಇದ್ದರೂ ಮಿನಿಫೈಯರ್ ಆರಿಸಿ. ಜಿಝಿಪ್ ಸಾಕು.

ಸರ್ವರ್ ತಾನೇ ಬೀಳುತ್ತಿದ್ದರೆ

ವಿಂಡೋ ಈಸ್ ನಾಟ್ ಡಿಫೈನ್ಡ್. ಇದನ್ನು ಕಾಣದವರಿಲ್ಲ. ಸ್ಟ್ಯಾಕ್ ಟ್ರೇಸ್ ಓದಿ. ದೂರು ನಿಮ್ಮ ಫೈಲಿನದ್ದಾದರೆ ಆ ಸಾಲನ್ನು ಕಾಂಪೊನೆಂಟ್‌ಡಿಡ್‌ಮೌಂಟ್‌ಗೆ ಕಳಿಸಿ. ಯಾವುದೋ ಲೈಬ್ರರಿ ರಿಕ್ವೈರ್ ಮಾಡಿದ ಕ್ಷಣವೇ ಬೀಳುತ್ತಿದ್ದರೆ ಆ ರಿಕ್ವೈರ್ ಸಾಲನ್ನೇ ಅಲ್ಲಿಗೆ ಒಯ್ಯಿರಿ. ಸುಳ್ಳು ವಿಂಡೋ ಒಂದನ್ನು ಗ್ಲೋಬಲ್ ಆಗಿ ಹುಟ್ಟುಹಾಕಿ ಬಾಯಿ ಮುಚ್ಚಿಸುವ ಸಲಹೆ ಅಲ್ಲಲ್ಲಿ ಸಿಗುತ್ತದೆ. ದಯವಿಟ್ಟು ಬೇಡ. ಆಮೇಲೆ ಎಲ್ಲ ಲೈಬ್ರರಿಗಳೂ ತಾವು ಬ್ರೌಸರ್‌ನಲ್ಲಿದ್ದೇವೆ ಅಂತ ನಂಬಿಕೊಂಡು ಇನ್ನಷ್ಟು ವಿಚಿತ್ರವಾಗಿ ಆಡುತ್ತವೆ. ಸಿಎಸ್‌ಎಸ್ ಫೈಲನ್ನು ರಿಕ್ವೈರ್ ಮಾಡಿದಾಗ ಸಿಂಟ್ಯಾಕ್ಸ್ ಎರರ್ ಬಂದರೆ ಅದನ್ನು ಬಂಡಲ್ ಕಟ್ಟುವ ವೆಬ್‌ಪ್ಯಾಕ್ ನುಂಗುತ್ತಿತ್ತು, ನೋಡ್ ನುಂಗುವುದಿಲ್ಲ ಅಂತ ಅರ್ಥ. ಸರ್ವರ್ ಕೋಡನ್ನೂ ವೆಬ್‌ಪ್ಯಾಕ್‌ನಿಂದಲೇ ಕಟ್ಟುವುದು ಒಳ್ಳೆಯದು.

ಬೀಳುವುದಿಲ್ಲ, ಆದರೆ ಮೆಮೊರಿ ದಿನವಿಡೀ ಏರುತ್ತಿದೆ ಅಂದರೆ ಕಾಂಪೊನೆಂಟ್‌ವಿಲ್‌ಮೌಂಟ್‌ಗಳನ್ನು ಒಂದೊಂದಾಗಿ ತೆರೆಯಿರಿ. ಅದು ಸರ್ವರ್‌ನಲ್ಲೂ ಓಡುತ್ತದೆ. ಕಾಂಪೊನೆಂಟ್‌ವಿಲ್‌ಅನ್‌ಮೌಂಟ್ ಮಾತ್ರ ಅಲ್ಲಿ ಎಂದೂ ಓಡುವುದಿಲ್ಲ. ಮೊದಲನೆಯದರಲ್ಲಿ ಟೈಮರ್ ಹಚ್ಚಿ ಎರಡನೆಯದರಲ್ಲಿ ಆರಿಸುವ ಕೋಡ್ ಇದ್ದರೆ, ಪ್ರತಿ ರಿಕ್ವೆಸ್ಟಿಗೂ ಒಂದು ಟೈಮರ್ ಉಳಿದುಹೋಗುತ್ತದೆ. ಪುಟದ ಶೀರ್ಷಿಕೆ ಇತ್ಯಾದಿ ಹಾಕುವ ರಿಯಾಕ್ಟ್-ಹೆಲ್ಮೆಟ್ ಬಳಸಿದ್ದರೆ ಪ್ರತಿ ರೆಂಡರ್ ಆದ ಮೇಲೆ ರಿವೈಂಡ್ ಕರೆಯುತ್ತಿದ್ದೀರಾ ನೋಡಿ. ಅದೂ ಸೋರುತ್ತದೆ.

ಒಬ್ಬರ ಹೆಸರು ಇನ್ನೊಬ್ಬರಿಗೆ ಕಂಡರೆ

ಈ ದೂರು ಬಂದರೆ ಮೊದಲು ಸರ್ವರ್ ರೆಂಡರಿಂಗ್ ಆರಿಸಿ, ಆಮೇಲೆ ಯೋಚಿಸಿ. ಬ್ರೌಸರ್‌ನವರು ಮೊದಲಿನಿಂದ ತಾವೇ ಕಟ್ಟಿಕೊಳ್ಳಲಿ, ಚೂರು ನಿಧಾನವಾದರೂ ಪರವಾಗಿಲ್ಲ.

2014ರ ಸುಮಾರಿನ ಫ್ಲಕ್ಸ್ (ದತ್ತಾಂಶ ನಿಭಾಯಿಸುವ ಒಂದು ವಿನ್ಯಾಸ) ಉದಾಹರಣೆಗಳಲ್ಲಿ ದತ್ತಾಂಶ ಇಡುವ ಸ್ಟೋರ್ ಅನ್ನೋದು ಮಾಡ್ಯೂಲಿನಲ್ಲಿ ಒಮ್ಮೆ ಹುಟ್ಟಿ ಹಾಗೇ ಉಳಿಯುವ ವಸ್ತು. ಬ್ರೌಸರ್‌ನಲ್ಲಿ ಒಬ್ಬರೇ ಇರುತ್ತಾರೆ, ತೊಂದರೆಯಿಲ್ಲ. ಸರ್ವರ್‌ನಲ್ಲಿ ಅದೇ ಸ್ಟೋರ್ ಎಲ್ಲರಿಗೂ ಒಂದೇ. ರೆಂಡರ್‌ಟುಸ್ಟ್ರಿಂಗ್ ನಡುವೆ ನಿಲ್ಲುವುದಿಲ್ಲ, ಆದ್ದರಿಂದ ಸ್ಟೋರ್ ತುಂಬಿದ ಕೂಡಲೇ ಅದೇ ಉಸಿರಿನಲ್ಲಿ ರೆಂಡರ್ ಆದರೆ ಬಚಾವ್. ತುಂಬುವುದಕ್ಕೂ ರೆಂಡರ್‌ಗೂ ನಡುವೆ ಡೇಟಾಬೇಸ್‌ಗೋ ಎಪಿಐಗೋ ಒಂದು ಕರೆ ನುಸುಳಿದರೆ, ಅಷ್ಟರಲ್ಲಿ ಬೇರೊಬ್ಬರ ರಿಕ್ವೆಸ್ಟ್ ಬಂದು ಅದೇ ಸ್ಟೋರ್‌ಗೆ ಕೈಹಾಕಿರುತ್ತದೆ. ಒಬ್ಬರೇ ಕೂತು ಪರೀಕ್ಷಿಸಿದರೆ ಇದು ಜನ್ಮದಲ್ಲಿ ಕಾಣದು. ಎಪಿಐ ಕರೆಗೆ ಬೇಕಂತಲೇ 2 ಸೆಕೆಂಡ್ ತಡೆ ಹಾಕಿ, ಎರಡು ಬೇರೆ ಲಾಗಿನ್‌ಗಳಿಂದ ಒಟ್ಟಿಗೆ ಪುಟ ತೆರೆಯಿರಿ. ಕಂಡೇ ಕಾಣುತ್ತದೆ. ಪರಿಹಾರ ಒಂದೇ, ಪ್ರತಿ ರಿಕ್ವೆಸ್ಟಿಗೂ ಹೊಸ ಸ್ಟೋರ್. ಅದೇ ಕೆಲಸದ ರಿಡಕ್ಸ್ ಲೈಬ್ರರಿ ಇದ್ದರೆ ಕ್ರಿಯೇಟ್‌ಸ್ಟೋರ್ ಕರೆಯನ್ನು ಫೈಲಿನ ಮೇಲ್ಭಾಗದಿಂದ ಕಿತ್ತು ರಿಕ್ವೆಸ್ಟ್ ಹ್ಯಾಂಡ್ಲರ್ ಒಳಗೆ ಹಾಕಿ. ಹಳೆಯ ಫ್ಲಕ್ಸ್ ಆದರೆ ಕೆಲಸ ದೊಡ್ಡದು, ಸ್ಟೋರ್‌ಗಳನ್ನು ಕಾಂಟೆಕ್ಸ್ಟ್ ಮೂಲಕ ಇಳಿಸಬೇಕಾಗುತ್ತದೆ.

ನಿಧಾನ

ರೆಂಡರ್‌ಟುಸ್ಟ್ರಿಂಗ್ ಓಡುವಷ್ಟು ಹೊತ್ತು ಆ ನೋಡ್ ಪ್ರೋಸೆಸ್ ಬೇರೆ ಯಾರ ಮಾತೂ ಕೇಳುವುದಿಲ್ಲ. ದೊಡ್ಡ ಪುಟ ಒಂದಕ್ಕೆ ಹಿಡಿಯುವ ಸಮಯ ಉಳಿದವರ ಸಾಲನ್ನೂ ಉದ್ದ ಮಾಡುತ್ತದೆ. ಮೊದಲು ನೋಡ್_ಎನ್ವ್ ಪ್ರೊಡಕ್ಷನ್ ಆಗಿದೆಯಾ ನೋಡಿ. ಅಷ್ಟೇ ಸಾಲದು. ಈ ಹಳೆಯ ರಿಯಾಕ್ಟ್ ತನ್ನ ಕೋಡಿನ ತುಂಬ ಪ್ರೋಸೆಸ್.ಎನ್ವ್ ಅನ್ನು ಮತ್ತೆ ಮತ್ತೆ ಕೇಳುತ್ತದೆ, ನೋಡ್‌ನಲ್ಲಿ ಆ ಕೇಳಿಕೆ ಅಗ್ಗದ್ದಲ್ಲ. ಸರ್ವರ್ ಬಂಡಲ್ ಕಟ್ಟುವಾಗ ರಿಯಾಕ್ಟ್ ಅನ್ನೂ ಒಳಗೆ ಸೇರಿಸಿ, ಆ ಜಾಗದಲ್ಲಿ ಪ್ರೊಡಕ್ಷನ್ ಎಂಬ ಪದವನ್ನೇ ಅಚ್ಚೊತ್ತಿದರೆ ಗೊತ್ತಾಗುವಷ್ಟು ಚುರುಕಾಗುತ್ತದೆ.

16ಕ್ಕೆ ಏರುವ ಮುನ್ನ

ಇದೆಲ್ಲ ಯಾಕೆ, ರಿಯಾಕ್ಟ್ 16 ಹಾಕಿದರೆ ಆಯ್ತಲ್ವಾ ಅಂತ ಕೇಳುವವರಿದ್ದಾರೆ. 2017ರ ಸೆಪ್ಟೆಂಬರ್‌ನಲ್ಲಿ ಬಂದ ಆ ಆವೃತ್ತಿಯಲ್ಲಿ ಚೆಕ್‌ಸಮ್ ಇಲ್ಲ ನಿಜ. ರೆಂಡರ್ ಬದಲು ಹೈಡ್ರೇಟ್ ಕರೆಯಬೇಕು, ಅದು ಇರುವ ಡಾಮ್ (ಬ್ರೌಸರ್ ಕಟ್ಟಿದ ಟ್ಯಾಗ್‌ಗಳ ಮರ) ಅನ್ನೇ ಹಿಡಿದು ಮುಂದುವರಿಯುತ್ತದೆ. ಆದರೆ ಅಕ್ಷರಗಳಲ್ಲಿ ವ್ಯತ್ಯಾಸ ಕಂಡರೆ ತಿದ್ದುತ್ತದೆಯೇ ಹೊರತು ಆಟ್ರಿಬ್ಯೂಟ್‌ಗಳನ್ನು ಮುಟ್ಟುವುದಿಲ್ಲ. 15ರಲ್ಲಿ ಬರೀ ಮಿಣುಕುತ್ತಿದ್ದ ಪುಟ 16ರಲ್ಲಿ ತಪ್ಪು ಕ್ಲಾಸ್, ತಪ್ಪು ಲಿಂಕ್ ಹೊತ್ತುಕೊಂಡು ಹಾಗೇ ನಿಂತುಬಿಡಬಹುದು. ಹಾಗಾಗಿ 15ರಲ್ಲಿರುವಾಗಲೇ ಎಲ್ಲ ಪುಟಗಳಲ್ಲೂ ಚೆಕ್‌ಸಮ್ ಎಚ್ಚರಿಕೆ ಸೊನ್ನೆಗೆ ಇಳಿಸಿ, ಆಮೇಲೆ ಆವೃತ್ತಿ ಬದಲಿಸಿ.